ಬಾನ್ ಸರ್ ಅವರ ಎರಡು ವರ್ಷ

ಗ್ರೀನ್‌ಫರ್ಡ್

ಲಂಡನ್ನಿನಲ್ಲಿ ಆರು ವಾರ ಇದ್ದೆ ಅಂದರೆ ಎಲ್ಲರೂ ಏನೇನು ನೋಡಿದಿರಿ ಅನ್ನುತ್ತಾರೆ. ನಾನು ಚೆನ್ನಾಗಿ ನೋಡಿದ್ದು ಗ್ರೀನ್‌ಫರ್ಡಿನ ಒಂದು ಅಡುಗೆಮನೆ. ತಂಗಿ ಸುಧಾಳಿಗೆ ಮಂಡಿ ಆಪರೇಶನ್ ಆಗಿತ್ತು. ಬಾಣಂತನಕ್ಕೆ ಹೋದ ಹಾಗೆ ನಾನು ಹೋಗಿದ್ದೆ, ಮಾಡಿ ಬಡಿಸುವುದಕ್ಕೆ. ಆ ಅಡುಗೆಮನೆಯ ಯಾವ ಡ್ರಾಯರ್ ಕಿರುಗುಟ್ಟುತ್ತದೆ, ಯಾವ ಒಲೆ ನಿಧಾನ, ಎಲ್ಲ ಹೇಳಬಲ್ಲೆ. ಹೊಗೆ ಕಂಡರೆ ಕಿರುಚಿಕೊಳ್ಳುವ ಬಿಳಿ ಡಬ್ಬಿಯೊಂದು ಹಜಾರದ ಸೂರಿನಲ್ಲಿತ್ತು. ಒಗ್ಗರಣೆ ಹಾಕುವ ಮೊದಲು ಹಿತ್ತಲ ಬಾಗಿಲು ತೆರೆಯಬೇಕು, ಹಜಾರದ ಬಾಗಿಲು ಮುಚ್ಚಬೇಕು, ಸುಧಾಳ ಮಗಳು ಅನಘಾ ಒಂದು ಟವೆಲ್ ಹಿಡಿದು ಡಬ್ಬಿಯ ಕೆಳಗೆ ಚಾಮರ ಬೀಸುತ್ತ ನಿಲ್ಲಬೇಕು. ಇಷ್ಟೆಲ್ಲ ಒಂದು ಚಮಚ ಸಾಸಿವೆಗೆ.

ಆ ಆರು ವಾರದಲ್ಲಿ ನನ್ನದು ಅಂತ ಒಂದೇ ಒಂದು ಕೆಲಸವಿತ್ತು. ಲಂಡನ್ನಿನ ಇನ್ನೊಂದು ತುದಿಯಲ್ಲಿ ಒಬ್ಬರು ಇದ್ದಾರೆ. ಅವರ ಎದುರು ಕೂತು, ಇಪ್ಪತ್ತೆರಡು ವರ್ಷದ ಹಿಂದೆ ನಾನು ಅವರಿಗೆ ಮಾಡಿದ ಒಂದು ತಪ್ಪನ್ನು ಬಾಯಿ ಬಿಟ್ಟು ಹೇಳಬೇಕಿತ್ತು.

ಅವರ ಹೆಸರು ಬಾನ್. ಕೊರಿಯಾದವರು. ಬೆಂಗಳೂರಿನಲ್ಲಿ ನಾನು ಟೈಪಿಸ್ಟ್ ಆಗಿದ್ದ ಫುಟ್‌ಬಾಲ್ ಕ್ಲಬ್ಬಿಗೆ ಮಿಡ್‌ಫೀಲ್ಡರ್ ಆಗಿ ಬಂದು ಒಂದೂವರೆ ವರ್ಷ ಆಡಿದರು. ಆಮೇಲೆ ಒಂದು ವರ್ಷ ಚಿಕ್ಕ ಹುಡುಗರಿಗೆ ಆಟ ಕಲಿಸಿ ಊರಿಗೆ ಹೋದರು. ಮಿಡ್‌ಫೀಲ್ಡರ್ ಅಂದರೆ ಏನು ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಮದುವೆಮನೆಯಲ್ಲಿ ಅಡುಗೆಯವರಿಗೂ ಬಡಿಸುವವರಿಗೂ ನಡುವೆ ಓಡಾಡುವ ಸೋದರಮಾವನನ್ನು ನೋಡಿದ್ದೀರಲ್ಲ, ಹಾಗೆ. ಉಂಡು ಎದ್ದವರು ಯಾರೂ ಅವನನ್ನು ಹೊಗಳುವುದಿಲ್ಲ. ಅವನಿಲ್ಲದಿದ್ದರೆ ಮಾತ್ರ ಮೂರನೇ ಪಂಕ್ತಿಗೆ ಸಾರು ಬರುವುದಿಲ್ಲ.

ಒಂದು ರಾತ್ರಿ ಊಟಕ್ಕೆ ಕೂತಾಗ ವಿಷಯ ಎತ್ತಿದೆ. ಶನಿವಾರ ಹೋಗಿ ಹೇಳಿ ಬರುತ್ತೇನೆ ಅಂದೆ. ಸುಧಾಳ ಗಂಡ ಧಾರವಾಡದವರು, ಆಸ್ಪತ್ರೆಯಲ್ಲಿ ಸರ್ಜನ್. ಮೂವತ್ತು ವರ್ಷ ಇಲ್ಲಿದ್ದರೂ ಮನೆಯೊಳಗೆ ಬಂದರೆ ಮಾತು ಧಾರವಾಡದ್ದೇ.

"ಅಕ್ಕಾರ, ನಾ ಒಂದು ಮಾತು ಹೇಳ್ಲೇನ್ರಿ? ಹಳೇ ಹೊಲಿಗಿ ಬಿಚ್ಚಬಾರದ್ರೀ. ಅದು ಒಳಗ ತಾನ ಕೂಡ್ಕೊಂಡಿರ್ತದ. ಬಿಚ್ಚಿದ್ರ ಮತ್ತ ನಾವ ಹೊಲೀಬೇಕು."

"ಆ ಮನುಷ್ಯನಿಗೆ ನಿನ್ನ ಮುಖನೇ ನೆನಪಿರಲ್ಲ ಬಿಡೇ ಅಕ್ಕ," ಅಂದಳು ಸುಧಾ.

"ಇದೆ. ಟೀಮಿನ ಹಳೇ ಹುಡುಗನೊಬ್ಬ ನಂಬರ್ ಕೊಟ್ಟ, ಫೋನಿನಲ್ಲಿ ಮಾತಾಡಿದೆ. ನೂನಾ ಅಂದರು."

"ಹಂಗಂದ್ರ?"

ತಟ್ಟೆಯಿಂದ ತಲೆ ಎತ್ತದೆ ಅನಘಾ ಉತ್ತರ ಕೊಟ್ಟಳು. "ಇಟ್ ಮೀನ್ಸ್ ಅಕ್ಕ, ಡ್ಯಾಡ್. ವೆನ್ ಎ ಗೈ ಸೇಸ್ ಇಟ್." ಹದಿನಾರು ವರ್ಷದ ಈ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಕೊರಿಯಾದ ಸೀರಿಯಲ್ ನೋಡಿ ನೋಡಿ ಕೊರಿಯನ್ ಬರುತ್ತದೆ. ನನ್ನ ತಪ್ಪು ನನಗೆ ತಿಳಿದದ್ದೇ ಇವಳಿಂದ.

ನಾಲ್ಕು ವರ್ಷದ ಹಿಂದೆ ರಜಕ್ಕೆ ಬೆಂಗಳೂರಿಗೆ ಬಂದಿದ್ದಳು. ನಾನು ಹುರುಳಿಕಾಯಿ ಮುರಿಯುತ್ತಿದ್ದೆ. ಇವಳು ಫೋನಿನಲ್ಲಿ ಯಾವುದೋ ಸೀರಿಯಲ್ ನೋಡುತ್ತ, ಅಲ್ಲಿಯವರು ವಯಸ್ಸು ಲೆಕ್ಕ ಹಾಕುವುದೇ ಬೇರೆ ಅಂದಳು. ಹುಟ್ಟಿದ ಕೂಡಲೇ ಮಗುವಿಗೆ ಒಂದು ವರ್ಷವಂತೆ. ಜನವರಿ ಒಂದು ಬಂತೆಂದರೆ ಎಲ್ಲರಿಗೂ ಒಟ್ಟಿಗೆ ಇನ್ನೊಂದು ವರ್ಷ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಕೂಸು ವಾರ ಕಳೆಯುವುದರೊಳಗೆ ಎರಡು ವರ್ಷದ್ದು. "ಫನ್ನಿ, ನೋ?" ಅಂತ ನಕ್ಕಳು. ನಾನು ಹುರುಳಿಕಾಯಿಯ ನಾರು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟೆ. ಬಾನ್ ಸರ್ ಹುಟ್ಟಿದ್ದು ಡಿಸೆಂಬರ್ ಇಪ್ಪತ್ತೇಳು. ಅವರ ಪಾಸ್‌ಪೋರ್ಟನ್ನು ಎಷ್ಟು ಸಲ ಕಾಪಿ ಮಾಡಿಸಿದ್ದೆನೋ.

ವೆಂಬ್ಲಿ

ಬರಿಗೈಯಲ್ಲಿ ಹೋಗಬಾರದು ಅಂತ ಗುರುವಾರ ಅನಘಾಳನ್ನು ಎಬ್ಬಿಸಿಕೊಂಡು ಬಸ್ಸಿನಲ್ಲಿ ವೆಂಬ್ಲಿಗೆ ಹೋದೆ. ಈಲಿಂಗ್ ರೋಡಿನಲ್ಲಿ ಕಾಲಿಟ್ಟರೆ ಚಿಕ್ಕಪೇಟೆಯೂ ಗಾಂಧಿಬಜಾರೂ ಒಂದೇ ಬೀದಿಗೆ ಬಂದು ಕೂತಂತಿದೆ. ಕರಿಬೇವು, ತೊಂಡೆಕಾಯಿ, ಸೀರೆ, ಬಳೆ, ಮಲ್ಲಿಗೆ ಹೂವೊಂದು ಬಿಟ್ಟು ಎಲ್ಲ. ನನಗೆ ಬೇಕಿದ್ದದ್ದು ಬಾಳಕದ ಮೆಣಸಿನಕಾಯಿ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ್ದು. ಕ್ಲಬ್ಬಿನಲ್ಲಿ ನನ್ನ ಮೊಸರನ್ನದ ಡಬ್ಬಿಯಿಂದ ಅದೊಂದನ್ನು ಮಾತ್ರ ಬಾನ್ ಸರ್ ಸಂಕೋಚವಿಲ್ಲದೆ ಎತ್ತಿಕೊಳ್ಳುತ್ತಿದ್ದರು. ಅಂಗಡಿಯ ಗುಜರಾತಿ ಅಮ್ಮ ಮೂರು ಥರ ತೋರಿಸಿದರು. "ಎಲ್ಲಿಂದ? ಬೆಂಗಳೂರಾ? ಹಾಗಾದರೆ ಇದು ತಗೊಳ್ಳಿ, ಅದು ನಮ್ಮವರಿಗೆ," ಅಂತ ಖಾರದ ಪೊಟ್ಟಣವನ್ನೇ ಕೈಗಿಟ್ಟರು.

ಹೊರಗೆ ಬಂದು ತಲೆ ಎತ್ತಿದರೆ ಮನೆಗಳ ಮೇಲಿಂದ ಸ್ಟೇಡಿಯಂನ ಕಮಾನು ಕಂಡಿತು. ನಾನು ಅಲ್ಲೇ ನಿಂತೆ. ನಮ್ಮ ಆಫೀಸಿನ ಗೋಡೆಯಲ್ಲಿ ಎಂದೋ ಹಳತಾದ ಒಂದು ಕ್ಯಾಲೆಂಡರ್ ಇತ್ತು. ಅದರಲ್ಲಿ ಎರಡು ಬಿಳಿ ಗೋಪುರದ ವೆಂಬ್ಲಿ. ತಾರೀಕು ಮುಗಿದು ಹತ್ತು ವರ್ಷವಾದರೂ ಯಾರೂ ಅದನ್ನು ತೆಗೆಯಗೊಡುತ್ತಿರಲಿಲ್ಲ. ಹುಡುಗರು ಸಂಬಳದ ಸಹಿ ಹಾಕಲು ಬಂದಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಅರ್ಧ ತಮಾಷೆಗೆ. ಆ ಗೋಪುರಗಳನ್ನು ಕೆಡವಿ ಈ ಕಮಾನು ಕಟ್ಟಿದ್ದಾರಂತೆ. ಒಳಗೆ ಹೋಗಿ ನೋಡೋಣವಾ ಅಂದಳು ಅನಘಾ. ಬೇಡ ಅಂದೆ. ನನ್ನ ವೆಂಬ್ಲಿ ಗೋಡೆಯ ಮೇಲಿನದು.

ಆ ಆಫೀಸು ಎಂಥದಿತ್ತು ಅಂತ ಸ್ವಲ್ಪ ಹೇಳಬೇಕು. ಮೈದಾನದ ಮೂಲೆಯಲ್ಲಿ ಹೆಂಚಿನ ಒಂದು ಕೋಣೆ. ಕಂಪ್ಯೂಟರ್ ಬಂದಿತ್ತು, ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಕೆಲಸವೆಲ್ಲ ನನ್ನ ಟೈಪ್‌ರೈಟರಿನಲ್ಲೇ. ಬಾನ್ ಸರ್ ಮೊದಲ ದಿನ ಬಂದವರು ಬೂಟನ್ನು ಹೊಸಿಲ ಆಚೆ ಬಿಟ್ಟು, ಎರಡೂ ಕೈಯಲ್ಲಿ ಪಾಸ್‌ಪೋರ್ಟ್ ನೀಡಿ, ಬಗ್ಗಿ ನಮಸ್ಕಾರ ಮಾಡಿದರು. ಹೊರಗೆ ಹೋಗುವಾಗ ವಾಚ್‌ಮನ್ನಿಗೂ ಹಾಗೇ ಬಗ್ಗಿದರು. ವಾಚ್‌ಮನ್ ಗಾಬರಿಯಾಗಿ, "ಅಮ್ಮಾ, ಇವರಿಗೆ ಏನೋ ಬಿದ್ದೋಗದೆ, ಹುಡುಕ್ತಾವ್ರೆ," ಅಂತ ನನ್ನನ್ನು ಕೂಗಿದ. ವಾರದಲ್ಲಿ ಟೀಮಿನ ಹುಡುಗರೆಲ್ಲ ಆಫೀಸಿನ ಹೊರಗೆ ಬೂಟು ಬಿಡಲು ಕಲಿತರು. ನನಗೆ ನೆಲ ಒರೆಸುವ ಕೆಲಸ ಅರ್ಧವಾಯಿತು.

ಎರಡನೇ ದಿನ ಅವರು ಕೇಳಿದ್ದು ನನ್ನ ವಯಸ್ಸು. ಹೆಂಗಸನ್ನು ನೇರವಾಗಿ ಯಾರಾದರೂ ಹಾಗೆ ಕೇಳುತ್ತಾರಾ! ಮೂವತ್ತೈದು ಅಂದೆ. "ನನಗೆ ಮೂವತ್ನಾಲ್ಕು. ಹಾಗಾದರೆ ನೀವು ನೂನಾ," ಅಂದರು. ಯಾರು ದೊಡ್ಡವರು ಅಂತ ತಿಳಿಯದೆ ಅವರಿಗೆ ಮಾತೇ ಶುರು ಮಾಡಲು ಬರುವುದಿಲ್ಲವಂತೆ. ಒಂದು ಲೆಕ್ಕಕ್ಕೆ ನಮ್ಮಲ್ಲೂ ಹಾಗೇ ಅಲ್ಲವಾ? ನಾವು ಬಾಯಿ ಬಿಟ್ಟು ಕೇಳುವುದಿಲ್ಲ, ತಲೆಕೂದಲು ನೋಡಿ ಅಕ್ಕನೋ ಆಂಟಿಯೋ ತೀರ್ಮಾನ ಮಾಡುತ್ತೇವೆ.

ಪಾಸ್‌ಪೋರ್ಟಿನ ಪ್ರಕಾರ ಅವರಿಗೆ ಮೂವತ್ತೆರಡು.

ಈಗ ನನ್ನ ತಪ್ಪು ಅರ್ಥವಾಗಬೇಕಾದರೆ ನಮ್ಮ ಕಡೆಯ ಕಾಗದದ ವಯಸ್ಸು ನೆನಪಿರಬೇಕು. ನಾನು ಹುಟ್ಟಿದ್ದು ನರಕ ಚತುರ್ದಶಿಯ ಬೆಳಗಿನ ಜಾವ. ಸರ್ಟಿಫಿಕೇಟಿನಲ್ಲಿ ಜೂನ್ ಒಂದು, ಅದೂ ಮುಂದಿನ ವರ್ಷದ್ದು, ಹೆಡ್‌ಮಾಸ್ತರರು ಕೊಟ್ಟದ್ದು. ನನ್ನ ಕ್ಲಾಸಿನಲ್ಲಿ ಅರ್ಧ ಜನ ಜೂನ್ ಒಂದಕ್ಕೆ ಹುಟ್ಟಿದವರು. ಇನ್ನು ಫುಟ್‌ಬಾಲ್ ಆಡುವ ಹುಡುಗರ ಕಾಗದವಂತೂ ಕೇಳಬೇಡಿ. ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಐದು ತಿಂಗಳ ಅಂತರವಿದ್ದ ಸರ್ಟಿಫಿಕೇಟುಗಳನ್ನು ನಾನೇ ಫೈಲ್ ಮಾಡಿದ್ದೇನೆ. ಎಂಟು ವರ್ಷ ಆ ಕುರ್ಚಿಯಲ್ಲಿ ಕೂತು ನಾನು ಕಲಿತದ್ದು ಒಂದೇ: ಕಾಗದದ ವಯಸ್ಸು ಕಡಿಮೆ, ಬಾಯಿಂದ ಬಂದದ್ದು ನಿಜ.

ಹಾಗಾಗಿ ಸೆಕ್ರೆಟರಿ ಮೇಜರ್ ಸಾಹೇಬರು ಒಂದು ಬುಧವಾರ ಚಹಾ ಕುಡಿಯುತ್ತ, "ಸರೋಜಮ್ಮ, ಆ ಬಾನ್‌ಗೆ ನಿಜವಾದ ವಯಸ್ಸೆಷ್ಟಮ್ಮ?" ಅಂತ ಕೇಳಿದಾಗ, ನಾನು ದೊಡ್ಡ ಗುಟ್ಟು ಗೊತ್ತಿರುವವಳ ಹಾಗೆ ದನಿ ತಗ್ಗಿಸಿ ಹೇಳಿದೆ: "ಪಾಸ್‌ಪೋರ್ಟಿನಲ್ಲಿ ಒಂದಿದೆ ಸರ್. ಅವರ ಬಾಯಲ್ಲೇ ಕೇಳಿದ್ದು ಎರಡು ವರ್ಷ ಜಾಸ್ತಿ."

ಮೇಜರ್ ಸಾಹೇಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವರು ಹಾಗೇ ಮರೆತರು. ಅದು ಕರಗಿ ತಳ ಸೇರಿತು. ಬಾನ್ ಸರ್ ಆಟ ಅಲ್ಲಿಗೆ ಮುಗಿಯಿತು.

ಮತ್ತೆ ಗ್ರೀನ್‌ಫರ್ಡ್, ಶನಿವಾರ ಬೆಳಗ್ಗೆ

ಬಾಳಕ ಕರಿಯುವುದನ್ನು ಮೊದಲೇ ಯೋಚಿಸಬೇಕಿತ್ತು. ಎಣ್ಣೆಗೆ ಮೂರನೆಯದು ಬೀಳುವಷ್ಟರಲ್ಲಿ ಡಬ್ಬಿ ಕಿರುಚಿತು. ಅನಘಾ ಟವೆಲ್ ಬೀಸಿ ಬೀಸಿ ಕೆಮ್ಮಿದಳು, ಸುಧಾ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಸೀನಿದಳು, ಡಾಕ್ಟರು ಪಂಚೆಯಲ್ಲೇ ಹಿತ್ತಲಿಗೆ ಓಡಿದರು. ಪಕ್ಕದ ಮನೆಯ ಪೋಲೆಂಡಿನ ಅಜ್ಜ ಬೇಲಿಯ ಮೇಲಿಂದ ಇಣುಕಿ, ಕಣ್ಣೊರೆಸಿಕೊಂಡು, "ಆಲ್ ಗುಡ್?" ಅಂದರು.

"ಆಲ್ ಗುಡ್. ಸಿಸ್ಟರ್ ಇನ್ ಲಾ ಕುಕಿಂಗ್," ಅಂದರು ಡಾಕ್ಟರು. ಅಜ್ಜ ತಲೆಯಾಡಿಸಿದ ರೀತಿ ನೋಡಿದರೆ ಅವರ ದೇಶದಲ್ಲೂ ಹೆಂಡತಿಯ ಅಕ್ಕಂದಿರು ಹೀಗೇ ಅನ್ನಿಸುತ್ತದೆ.

ಗ್ರೀನ್‌ಫರ್ಡಿನಲ್ಲಿ ಟ್ಯೂಬ್ ರೈಲು ಹಿಡಿಯಲು ನೆಲದೊಳಗೆ ಇಳಿಯಬೇಕಿಲ್ಲ, ಮೇಲೆ ಹತ್ತಬೇಕು. ಮೆಟ್ಟಿಲ ಪಕ್ಕದಲ್ಲಿ ಓರೆಯಾಗಿ ಏರುವ ಒಂದು ಲಿಫ್ಟ್ ಇದೆ. ಡಾಕ್ಟರು ಅಲ್ಲಿಯವರೆಗೆ ಬಂದು, ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಇನ್ನೊಂದು ಸಲ ಹೇಳಿದರು: "ನೋಡ್ರಿ ಅಕ್ಕಾರ, ಮೆಣಸಿನಕಾಯಿ ಕೊಟ್ಟು, ಚಹಾ ಕುಡದು, ಎದ್ದು ಬಂದ್ರೂ ನಡೀತದ. ಯಾರೂ ಕೇಳೂದಿಲ್ಲ."

ನಡೆಯುತ್ತಿತ್ತು. ಅದೇ ನನಗೆ ದಾರಿಯುದ್ದಕ್ಕೂ ಭಯ.

ವಾಟರ್‌ಲೂ

ಟ್ಯೂಬಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಾಲು ತುಳಿದರೆ ತುಳಿಸಿಕೊಂಡವರೇ ಸಾರಿ ಅನ್ನುತ್ತಾರೆ. ನನ್ನ ಚೀಲದಿಂದ ಬಾಳಕದ ಘಾಟು ಬರುತ್ತಿತ್ತು. ಎದುರಿನ ಹೆಂಗಸು ಮೂಗು ಅರಳಿಸಿ, ಮರುಕ್ಷಣ ಅದು ತನ್ನದೇ ತಪ್ಪೇನೋ ಅನ್ನುವಂತೆ ಪುಸ್ತಕದೊಳಗೆ ತಲೆ ಹಾಕಿದಳು.

ನಕ್ಷೆಯಲ್ಲಿ ಕಂದು ಗೆರೆ ಇರುವ ರೈಲಿಗೆ ಬದಲಾಯಿಸಿ ವಾಟರ್‌ಲೂ ತಲುಪಿದೆ. ಅಲ್ಲಿ ನೂರಾರು ಜನ ಒಂದೇ ಕಡೆ ಕತ್ತೆತ್ತಿ ನಿಂತಿದ್ದರು, ಗರ್ಭಗುಡಿಯ ಪರದೆ ಸರಿಯುವುದನ್ನು ಕಾಯುವವರ ಹಾಗೆ. ಮೇಲೆ ರೈಲುಗಳ ಬೋರ್ಡು. ಪ್ಲಾಟ್‌ಫಾರ್ಮ್ ನಂಬರ್ ಮೂಡಿದ್ದೇ ಎಲ್ಲ ಒಟ್ಟಿಗೆ ಓಟ. ನಾನೂ ಓಡಿದೆ. ಓಡುವವರ ಜೊತೆ ಓಡುವುದು ನಮ್ಮ ಮೆಜೆಸ್ಟಿಕ್ಕಿನ ಅಭ್ಯಾಸ. ಸೀಟು ಸಿಕ್ಕಿತು, ಕಿಟಕಿಯ ಪಕ್ಕ. ಹಿಗ್ಗಿದೆ.

ಕಿಟಕಿಯಾಚೆ ಮನೆಗಳ ಹಿತ್ತಲುಗಳು, ಒಣಹಾಕಿದ ಬಟ್ಟೆಗಳು, ಅಲ್ಲಲ್ಲಿ ಹಸಿರು ಮೈದಾನ, ಬಿಳಿ ಗೋಲುಕಂಬ. ಪ್ರತಿ ಮೈದಾನ ಕಂಡಾಗಲೂ ನಮ್ಮ ಮೈದಾನದ ಕೆಂಪು ಮಣ್ಣು ಕಣ್ಣಿಗೆ ಕಟ್ಟುತ್ತಿತ್ತು. ಟೈಪ್‌ರೈಟರ್ ಮುಂದಿನ ಕಿಟಕಿಯಿಂದ ನಾನು ಬಾನ್ ಸರ್ ಆಟ ನೋಡುತ್ತಿದ್ದೆ. ಚೆಂಡು ಕಾಲಿಗೆ ಬರುವ ಮೊದಲೇ ಎರಡು ಸಲ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದರು, ಕೆ.ಆರ್. ಮಾರ್ಕೆಟ್ಟಿನ ಮುಂದೆ ರಸ್ತೆ ದಾಟುವ ಅಜ್ಜಿಯ ಹಾಗೆ. ಆಮೇಲೆ ನೋಡದೆಯೇ ಕೊಡುತ್ತಿದ್ದರು. ಚೆಂಡು ಹೋಗಿ ಸರಿಯಾದವನ ಕಾಲಿಗೇ ಬೀಳುತ್ತಿತ್ತು. ನನಗೆ ಆಟ ತಿಳಿಯದಿದ್ದರೂ ಆಗ ಬೆರಳು ಕೀಲಿಯ ಮೇಲೆ ನಿಲ್ಲುತ್ತಿತ್ತು.

ಹೀಗೆ ನೆನೆಯುತ್ತಿದ್ದಾಗ ನ್ಯೂ ಮಾಲ್ಡನ್ ಅನ್ನುವ ಬೋರ್ಡು ಕಿಟಕಿಯಲ್ಲಿ ಬಂತು. ಬಂದ ವೇಗದಲ್ಲೇ ಹೋಯಿತು. ರೈಲು ನಿಲ್ಲಲೇ ಇಲ್ಲ.

ಎದ್ದು ನಿಂತೆ. ಎದುರಿಗೆ ನಾಯಿಯ ಜೊತೆ ಕೂತಿದ್ದ ಒಬ್ಬರು, ಅವರೇ ರೈಲು ಓಡಿಸುತ್ತಿದ್ದವರ ಹಾಗೆ ಕಳವಳಪಟ್ಟು, ಇದು ಫಾಸ್ಟ್ ರೈಲು, ಮುಂದೆ ಸರ್ಬಿಟನ್ನಿನಲ್ಲಿ ಇಳಿದು ವಾಪಸ್ ಬನ್ನಿ, ಸಾರಿ, ಐ ಆ್ಯಮ್ ಸೋ ಸಾರಿ ಅಂದರು. ನಾಯಿಯೂ ನನ್ನನ್ನು ಹಾಗೇ ನೋಡಿತು.

ಸರ್ಬಿಟನ್

ಸೇತುವೆ ಹತ್ತಿ ಆಚೆ ಪ್ಲಾಟ್‌ಫಾರ್ಮಿಗೆ ಇಳಿದೆ. ಇಪ್ಪತ್ತು ನಿಮಿಷ ಕಾಯಬೇಕಿತ್ತು. ವಾಟರ್‌ಲೂಗೆ ವಾಪಸ್ ಹೋಗುವ ಫಾಸ್ಟ್ ರೈಲು ಮೊದಲು ಬಂದು ನಿಂತಿತು. ಬಾಗಿಲು ತೆರೆಯಿತು. ಹತ್ತಿದರೆ ಒಂದು ಗಂಟೆಯಲ್ಲಿ ಗ್ರೀನ್‌ಫರ್ಡ್. ದಾರಿ ತಪ್ಪಿತು ಅಂತ ಫೋನಿನಲ್ಲಿ ಹೇಳಬಹುದು. ಸುಳ್ಳೂ ಅಲ್ಲ.

ನಾನು ಹತ್ತಲಿಲ್ಲ. ಧೈರ್ಯದಿಂದ ಅಂತ ಹೇಳಲಾರೆ. ಬೆಂಚಿನ ಮೇಲೆ ಚೀಲ ಇಟ್ಟಿದ್ದೆ. ಅದನ್ನು ಎತ್ತಿಕೊಳ್ಳುವುದೋ ಬೇಡವೋ ಅಂತ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ನಿಧಾನದ ರೈಲು ಬಂತು.

ನ್ಯೂ ಮಾಲ್ಡನ್

ಸ್ಟೇಷನ್ನಿನ ಹೊರಗೆ ಬಾನ್ ಸರ್ ನಿಂತಿದ್ದರು. ನೀಲಿ ಟ್ರ್ಯಾಕ್‌ಸೂಟು, ಕೊರಳಲ್ಲಿ ಸೀಟಿ, ತಲೆ ಪೂರ್ತಿ ಬೆಳ್ಳಗೆ. ನನ್ನನ್ನು ಕಂಡು ಅದೇ ಹಳೆಯ ಥರ ಬಗ್ಗಿದರು. ನಾನೂ ಬಗ್ಗಿದೆ. ಏಳುವಾಗ ಇಬ್ಬರೂ ಸೊಂಟ ಹಿಡಿದುಕೊಂಡೆವು.

"ನೂನಾ, ನಲವತ್ತು ನಿಮಿಷ ಲೇಟು," ಅಂದರು.

"ಸರ್ಬಿಟನ್ ನೋಡಿಕೊಂಡು ಬಂದೆ."

"ಚೆನ್ನಾಗಿದೆಯಾ?"

"ಸೇತುವೆ ಚೆನ್ನಾಗಿದೆ."

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ಇಬ್ಬರದೂ ಅರ್ಧಂಬರ್ಧ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಆ ಬೀದಿಯಲ್ಲಿ ಅಂಗಡಿಗಳ ಬೋರ್ಡೆಲ್ಲ ಕೊರಿಯನ್ನಿನಲ್ಲಿದ್ದವು. ವೆಂಬ್ಲಿಯಲ್ಲಿ ನಾವು ಮಾಡಿಕೊಂಡದ್ದನ್ನೇ ಇವರು ಇಲ್ಲಿ ಮಾಡಿಕೊಂಡಿದ್ದಾರೆ. ಹಿಂದಿನಿಂದ ಒಂದು ಮಗು "ಅಪ್ಪಾ!" ಅಂತ ಕೂಗಿತು. ನಾನು ತಿರುಗಿದೆ. ಅವರಲ್ಲೂ ಅಪ್ಪ ಅಂದರೆ ಅಪ್ಪನೇ.

ನಡೆಯುತ್ತ ಬಾನ್ ಸರ್ ತಮ್ಮ ಕಥೆ ಹೇಳಿದರು. ಬೆಂಗಳೂರಿನಿಂದ ಹೋದವರು ಒಂದು ಶಾಲೆಯಲ್ಲಿ ಕೋಚ್ ಆದರಂತೆ. ಆಮೇಲೆ ಪರೀಕ್ಷೆ ಬರೆದು, ಹದಿನಾಲ್ಕು ವರ್ಷದ ಹಿಂದೆ ಕೋಚಿಂಗ್ ಕಲಿಯಲು ಹೆಂಡತಿ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದರು. ಹಗಲು ಗೋಡೌನಿನಲ್ಲಿ ಅಕ್ಕಿ ಮೂಟೆ ಹೊತ್ತು, ಸಂಜೆ ಮಕ್ಕಳಿಗೆ ಆಟ ಕಲಿಸಿದರು. ಈಗ ಮೂಟೆ ಬಿಟ್ಟಿದ್ದಾರೆ, ಮಕ್ಕಳಿದ್ದಾರೆ. ವಾರದಲ್ಲಿ ಎರಡು ಸಂಜೆ ಅಂಗಡಿಯವರು, ಬಸ್ ಡ್ರೈವರುಗಳು ಸೇರಿ ಕಟ್ಟಿಕೊಂಡ ಟೀಮಿಗೂ ಕೋಚ್. ಹೆಂಡತಿ ಇದೇ ಬೀದಿಯ ಪುಟ್ಟ ಹೋಟೆಲೊಂದರಲ್ಲಿ ಅಡುಗೆ. ನನ್ನನ್ನು ಕೂರಿಸಿದ್ದೂ ಅಲ್ಲೇ.

ಮೇಜಿನ ಮೇಲೆ ಹತ್ತು ಚಿಕ್ಕ ಬಟ್ಟಲು ಬಂದವು, ಬಾಳೆಲೆಯ ತುದಿಗೆ ಬಡಿಸುವ ಹಾಗೆ ಪಲ್ಯ, ಉಪ್ಪಿನಕಾಯಿ, ಸೊಪ್ಪು. ನಾನು ಬಾಳಕದ ಡಬ್ಬಿ ತೆಗೆದಿಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು, ಒಂದನ್ನು ಕಚ್ಚಿ, ಕಣ್ಣು ಮುಚ್ಚಿ, "ಬೆಂಗಳೂರು," ಅಂದರು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರು ಮೇಜರ್ ಸಾಹೇಬರ ವಿಚಾರ ಕೇಳಿದರು. ತೀರಿಕೊಂಡರು ಅಂದೆ. ವಾಚ್‌ಮನ್? ಅವನೂ. ಮೈದಾನ? ಅರ್ಧ ಇದೆ, ಅರ್ಧ ರಸ್ತೆಗೆ ಹೋಯಿತು. ಅನ್ನ ತಣ್ಣಗಾಗುತ್ತಿತ್ತು.

"ಸರ್," ಅಂದೆ, "ನಿಮ್ಮನ್ನು ಆಟದಿಂದ ಯಾಕೆ ತೆಗೆದರು ಅಂತ ಗೊತ್ತಾ?"

"ಗೊತ್ತು."

"ಗೊತ್ತಾ?"

"ಸೆಮಿಫೈನಲ್. ಕೊನೆಯ ಐದು ನಿಮಿಷ. ನಾನು ನಮ್ಮ ಗೋಲ್‌ಕೀಪರಿಗೆ ಹಿಂದಕ್ಕೆ ಪಾಸ್ ಕೊಟ್ಟೆ. ಆ ಒಂದು ಸಲ ಹಿಂದಕ್ಕೆ ನೋಡಲಿಲ್ಲ. ಅವರ ಹುಡುಗ ಮಧ್ಯೆ ನುಗ್ಗಿ ಗೋಲು ಹೊಡೆದ. ಮುಂದಿನ ವಾರ ನನ್ನನ್ನು ಕರೆದು, ಇನ್ನು ಹುಡುಗರಿಗೆ ಕಲಿಸು ಅಂದರು." ಚಾಪ್‌ಸ್ಟಿಕ್ ಎರಡನ್ನೂ ಜೋಡಿಸಿ ಬಟ್ಟಲ ಪಕ್ಕ ಇಟ್ಟರು. "ಇವತ್ತಿಗೂ ವಾರಕ್ಕೊಮ್ಮೆ ಆ ಪಾಸನ್ನು ನಾನು ಕೊಡುತ್ತೇನೆ, ನೂನಾ. ಹಾಸಿಗೆಯಲ್ಲಿ."

ಆ ಪಂದ್ಯ ಸೋತದ್ದು ನನಗೆ ನೆನಪಿತ್ತು. ಯಾರ ಪಾಸು ಅಂತ ನೆನಪಿರಲಿಲ್ಲ. ಕ್ಲಬ್ಬಿನಲ್ಲಿ ಯಾರೂ ಆ ಮಾತು ಎತ್ತಿದ್ದನ್ನೂ ಕೇಳಿರಲಿಲ್ಲ.

ಆಮೇಲೆ ನಾನು ಎಲ್ಲ ಹೇಳಿದೆ. ಬುಧವಾರದ ಚಹಾ. ಪಾಸ್‌ಪೋರ್ಟಿನದು ಸುಳ್ಳು, ಬಾಯಿಯದು ನಿಜ ಅಂತ ನಾನು ಅಂದುಕೊಂಡದ್ದು. ದನಿ ತಗ್ಗಿಸಿ ಹೇಳಿದ್ದು. ಕೊರಿಯಾದ ಲೆಕ್ಕ ನನಗೆ ಗೊತ್ತಾದದ್ದು ಹದಿನೆಂಟು ವರ್ಷ ಕಳೆದ ಮೇಲೆ. ಅವರು ಅಡ್ಡ ಮಾತಾಡಲಿಲ್ಲ. ಒಳಗೆ ಯಾರೋ ಪಾತ್ರೆ ತೊಳೆಯುವ ಸದ್ದು.

"ನನ್ನ ಕೋಣೆ ನಿಮ್ಮ ಆಫೀಸಿನಿಂದ ಎಷ್ಟು ದೂರ ಇತ್ತು?" ಅಂತ ಕೇಳಿದರು ಕೊನೆಗೆ.

"ಇಪ್ಪತ್ತು ಹೆಜ್ಜೆ."

"ಬಂದು ಕೇಳಬಹುದಿತ್ತು. ಎರಡು ವರ್ಷ ಯಾಕೆ ಜಾಸ್ತಿ ಅಂತ."

"ಕೇಳಬಹುದಿತ್ತು."

"ನೂನಾ ಅಂತ ಕರೆದವನನ್ನು."

ನಾನು ತಲೆ ತಗ್ಗಿಸಿದೆ.

"ಈಗ ನಮ್ಮ ಸರ್ಕಾರ ಆ ಲೆಕ್ಕವನ್ನು ಕಾಗದದಿಂದ ತೆಗೆದುಹಾಕಿದೆ," ಅಂದರು. "ಇಡೀ ದೇಶಕ್ಕೆ ಒಂದೇ ದಿನ ವಯಸ್ಸು ಇಳಿಯಿತು. ನನ್ನ ಎರಡು ವರ್ಷ ನನಗೆ ವಾಪಸ್ ಕೊಟ್ಟರು. ಐವತ್ತು ದಾಟಿದ ಮೇಲೆ." ನಗಲು ನೋಡಿದರು, ಆಗಲಿಲ್ಲ. ಕೈ ತಾನಾಗಿ ಮಂಡಿಯ ಮೇಲೆ ಹೋಗಿ ಕೂತಿತು.

ಇನ್ನೊಂದು ಮಾತು ಉಳಿದಿತ್ತು. ಅದನ್ನು ಹೇಳಿದರೆ ತಪ್ಪು ಇನ್ನೂ ದೊಡ್ಡದಾಗುತ್ತದೆ ಅಂತ ಗ್ರೀನ್‌ಫರ್ಡಿನಲ್ಲಿ ಯಾರಿಗೂ ಹೇಳಿರಲಿಲ್ಲ.

"ಸರ್, ನಿಮಗೆ ಎರಡು ವರ್ಷದ ಕಾಂಟ್ರಾಕ್ಟ್ ಟೈಪ್ ಆಗಿತ್ತು. ನಾನೇ ಮಾಡಿದ್ದು. ಬುಧವಾರ ಮೇಜರ್ ಸಾಹೇಬರು ಅದನ್ನು ಹರಿದು ಹಾಕು ಅಂದರು. ಹರಿದದ್ದೂ ನಾನೇ."

ಅವರು ತಲೆ ಎತ್ತಿದರು. "ಯಾವತ್ತು ಟೈಪ್ ಮಾಡಿದಿರಿ?"

"ಸೋಮವಾರ."

"ಸೆಮಿಫೈನಲ್ಲಿಗೆ ಮೊದಲಿನ ಸೋಮವಾರವಾ, ಆಮೇಲಿನದಾ?"

"ಆಮೇಲಿನದು. ಶನಿವಾರ ಸೋತಿರಿ. ಸೋಮವಾರ ಬೆಳಗ್ಗೆ ಮೇಜರ್ ಸಾಹೇಬರು ಬಂದವರೇ, ಸೋತರೆ ಸೋಲಲಿ, ಈ ಮನುಷ್ಯನನ್ನು ಬಿಡಬಾರದು, ಕಾಗದ ರೆಡಿ ಮಾಡಮ್ಮ ಅಂದರು."

"ಇನ್ನೊಂದು ಸಲ ಹೇಳಿ."

ಹೇಳಿದೆ.

ಅವರು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಯನ್ನು ಕರೆದರು. ಆಕೆ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಎದುರು ಕೂತರು. ಸಣ್ಣ ಮುಖ, ಆವಿಗೆ ಕೆಂಪಾದ ಕೆನ್ನೆ. ಆಕೆಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. "ಇವಳಿಗೆ ಹೇಳಿ," ಅಂದರು ಬಾನ್ ಸರ್. "ಸೋಮವಾರದ್ದು. ನಾನು ಅನುವಾದ ಮಾಡುತ್ತೇನೆ."

ಮೂರನೇ ಸಲ ಹೇಳಿದೆ. ಆಕೆ ಗಂಡನ ಮುಖವನ್ನು ನೋಡದೆ ನನ್ನ ತುಟಿಯನ್ನೇ ನೋಡುತ್ತ ಕೇಳಿದರು. ಕೇಳಿ ಮುಗಿಸಿ, ಕಾಗದದಲ್ಲಿ ಇನ್ನೇನಿತ್ತು ಅಂದರು.

ಏನಿತ್ತು ಅಂತ ನನಗೆ ಸಾಲುಸಾಲಾಗಿ ನೆನಪಿತ್ತು. ಮೂರು ಪುಟ, ಎರಡು ಕಾರ್ಬನ್ ಪ್ರತಿ. ಒಂದನೆಯದು ಅವಧಿ. ಎರಡನೆಯದು ಸಂಬಳ. ಮೂರನೆಯದು ಗಾಯವಾದರೆ ಆಸ್ಪತ್ರೆ. ನಾಲ್ಕನೆಯದು, ಕೊರಿಯಾದಿಂದ ಹೆಂಡತಿ ಮತ್ತು ಮಗಳು ಬಂದು ಇರುವುದಕ್ಕೆ ಟಿಕೆಟ್ಟು, ಒಂದು ಮನೆ.

ಬಾನ್ ಸರ್ ಅದನ್ನು ಹೇಳುವಾಗ ನಡುವೆ ನಿಂತರು. ಆಕೆ ಏನೋ ಕೇಳಿದರು.

"ಯಾವ ಮನೆ ಅಂತ ಕೇಳುತ್ತಿದ್ದಾಳೆ."

"ಆಸ್ಟಿನ್ ಟೌನಿನಲ್ಲಿ," ಅಂದೆ. "ನಾನೇ ವಾಚ್‌ಮನ್ ಜೊತೆ ಹೋಗಿ ನೋಡಿ ಬಂದಿದ್ದೆ. ಮಹಡಿ ಮೇಲೆ ಎರಡು ಕೋಣೆ. ಅಡುಗೆಮನೆ ಚಿಕ್ಕದು, ಆದರೆ ಬೆಳಕಿತ್ತು. ಕಿಟಕಿಗೆ ನುಗ್ಗೆಮರ ತಾಗುತ್ತಿತ್ತು, ಕೈ ಚಾಚಿದರೆ ಕಾಯಿ ಸಿಗುವಷ್ಟು. ನೀರು ದಿನ ಬಿಟ್ಟು ದಿನ, ಬೆಳಗ್ಗೆ ಐದಕ್ಕೆ. ಎದ್ದು ಹಿಡಿಯಬೇಕಿತ್ತು."

ಆಕೆ ಇನ್ನೊಂದು ಕೇಳಿದರು. ಬಟ್ಟೆ ಎಲ್ಲಿ ಒಣಗಿಸುವುದು?

"ಮೇಲೆ ತಾರಸಿ. ಎರಡು ಹಗ್ಗ ಇದ್ದವು."

ಕೆಳಗೆ ಯಾರು?

"ಓನರ್. ಟೀಚರ್ ಆಗಿದ್ದವರು. ಮಗು ಬರುತ್ತಂತೆ ಅಂದದ್ದಕ್ಕೆ, ಬರಲಿ, ನಮ್ಮ ಮೊಮ್ಮಗಳಿಗೂ ಐದು ವರ್ಷ, ಜೊತೆಯಾಗುತ್ತೆ ಅಂದಿದ್ದರು."

ಆಕೆಯ ಕೈ ಮೇಜಿನ ಮೇಲಿತ್ತು. ಒಳಗಿನಿಂದ ಯಾರೋ ಎರಡು ಸಲ ಕರೆದರು, ಆಕೆ ಏಳಲಿಲ್ಲ. ಆಮೇಲೆ ತೀರ ಮೆಲ್ಲಗೆ ಕೇಳಿದ್ದು ಶಾಲೆಯ ವಿಚಾರ ಅಂತ ಬಾನ್ ಸರ್ ಹೇಳುವ ಮೊದಲೇ ನನಗೆ ತಿಳಿಯಿತು.

"ಹತ್ತಿರವೇ ಇತ್ತು," ಅಂದೆ. "ಎರಡು ಬೀದಿ ಆಚೆ. ನಡೆದುಕೊಂಡು ಹೋಗಬಹುದಿತ್ತು."

ಬಾನ್ ಸರ್ ಅದನ್ನು ಆಕೆಗೆ ಕೊರಿಯನ್ನಿನಲ್ಲಿ ಹೇಳಿದರು. ನಾನು ಹೇಳಿದ್ದು ಮೂರೇ ಮಾತು. ಅವರು ಅದನ್ನು ಹೇಳಲು ತುಂಬ ಹೊತ್ತು ತೆಗೆದುಕೊಂಡರು.